ಮನೆ ಹುಡುಕುವ ಮುನ್ನ ಬಸ್ ಸ್ಟಾಪ್ ಹುಡುಕಿ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದರು ನಮ್ಮ ಹಿರಿಯರು. ಪಾಪ, ಅವರಿಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವ ಪ್ರಸಂಗ ಬಂದಿರಲಿಲ್ಲ. ಬಂದಿದ್ದರೆ ಗಾದೆಗೆ ಇನ್ನೊಂದು ತುಂಡು ಖಂಡಿತ ಸೇರುತ್ತಿತ್ತು.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಮಕ್ಕಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಗಂಡ ಹೆಂಡತಿ ಸ್ಕೂಟರ್ ಹತ್ತುವುದು. ಬೀದಿ ಬೀದಿ ಸುತ್ತಿ ಗೇಟಿಗೆ ನೇತುಹಾಕಿದ 'ಟು ಲೆಟ್' ಬೋರ್ಡು ಹುಡುಕುವುದು. ನಿಮಗೆ ಇದು ಹೊಸದೇನಲ್ಲ. ಗೇಟಿನ ಹತ್ತಿರವೇ ಪರೀಕ್ಷೆ ಶುರು. "ಎಷ್ಟು ಜನ ಇದ್ದೀರಮ್ಮ?" "ನೀವು ವೆಜ್ಜಾ, ನಾನ್‌ವೆಜ್ಜಾ?" "ಊರಿಂದ ನೆಂಟರು ತುಂಬಾ ಬರ್ತಾರಾ? ನೀರಿನ ತಾಪತ್ರಯ ಇದೆ, ಮೊದಲೇ ಹೇಳಿಬಿಡ್ತೀನಿ."

ಇದಕ್ಕೆಲ್ಲ ನಗುನಗುತ್ತ ಉತ್ತರ ಕೊಟ್ಟು ಒಳಗೆ ಕಾಲಿಟ್ಟರೆ, ಇನ್ನು ಪರೀಕ್ಷೆ ಮಾಡುವ ಸರದಿ ನಮ್ಮದು. ಅಡುಗೆಮನೆಗೆ ಬೆಳಕಿದೆಯೇ? ಒಗೆದ ಬಟ್ಟೆ ಒಣಗಿಸಲು ಜಾಗವುಂಟೇ? ಕಾವೇರಿ ನೀರೋ, ಬೋರ್ ನೀರೋ? ದೇವರ ಗೂಡು ಯಾವ ದಿಕ್ಕಿಗೆ? ಗೋಡೆಯಲ್ಲಿ ತೇವ ಇಳಿಯುತ್ತದೆಯೇ? ಒಂದೂ ಬಿಡದೆ ನೋಡುತ್ತೇವೆ. ಎಲ್ಲ ಮುಗಿದ ಮೇಲೆ, ಚಪ್ಪಲಿ ಮೆಟ್ಟುವಾಗ, ಮಾತಿಗೆಂಬಂತೆ ಕೇಳುತ್ತೇವೆ: "ಬಸ್ ಸ್ಟಾಪ್ ಎಷ್ಟು ದೂರ?"

"ಇಲ್ಲೇ, ಐದು ನಿಮಿಷ!" ಎನ್ನುತ್ತಾರೆ ಮಾಲೀಕರು. ಅವರು ಕೊನೆಯ ಸಲ ಬಸ್ಸು ಹತ್ತಿ ಎಷ್ಟು ವರ್ಷವಾಯಿತೋ!

ಈ ಐದು ನಿಮಿಷದ ಬಗ್ಗೆಯೇ ಇವತ್ತು ನಿಮ್ಮೊಡನೆ ಮಾತಾಡಬೇಕು. ಏಕೆಂದರೆ ನನ್ನ ಚಿಕ್ಕಮ್ಮನ ಮಗಳ ಕೆಲಸವನ್ನು ನುಂಗಿದ್ದು ಅದೇ.

ತಂಗಿಯ ಲೆಕ್ಕ

ತಂಗಿಯ ಸಂಸಾರ ಹನುಮಂತನಗರದಲ್ಲಿ ಒಂದು ಮಹಡಿ ಮನೆಯಲ್ಲಿತ್ತು. ಬಾಡಿಗೆ 15,000. ಅವಳಿಗೆ ಗಾಂಧಿಬಜಾರಿನ ಹತ್ತಿರ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ತಿಂಗಳಿಗೆ 16,000 ಸಂಬಳ. ಮನೆ ಬಾಗಿಲಿನಿಂದ ಅಂಗಡಿ ಬಾಗಿಲಿಗೆ ಇಪ್ಪತ್ತು ನಿಮಿಷ. ಅವಳ ಯಜಮಾನರು ಲಾಲ್‌ಬಾಗ್ ಕಡೆ ಒಂದು ಮುದ್ರಣಾಲಯದಲ್ಲಿ ಇದ್ದಾರೆ, ನಾಲ್ಕು ಕಿಲೋಮೀಟರ್. ಮಗಳು ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಮಗನ ಶಾಲೆ ಪಕ್ಕದ ಬೀದಿ.

2025ರಲ್ಲಿ ಮಾಲೀಕರು ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸುವ ಯೋಚನೆ ಮಾಡಿದರು. ಮೂರು ತಿಂಗಳಲ್ಲಿ ಖಾಲಿ ಮಾಡಬೇಕು. ಸುತ್ತಮುತ್ತ ಅಂಥದೇ ಮನೆಗೆ 18,000ಕ್ಕೆ ಕಡಿಮೆ ಯಾರೂ ಹೇಳಲಿಲ್ಲ. ಅದರ ಮೇಲೆ ಹತ್ತು ತಿಂಗಳ ಅಡ್ವಾನ್ಸು, 1,80,000. ಆಗ ಯಾರೋ ಪರಿಚಯದವರು ಕೆಂಗೇರಿಯಿಂದಾಚೆ, ಮೈಸೂರು ರಸ್ತೆ ಬಿಟ್ಟು ಒಳಕ್ಕೆ, ಒಂದು ಹೊಸ ಲೇಔಟಿನಲ್ಲಿ ಮನೆ ತೋರಿಸಿದರು. ಬಾಡಿಗೆ 12,000, ಅಡ್ವಾನ್ಸು 1,20,000. ಟೈಲ್ಸ್ ನೆಲ, ಗ್ರಾನೈಟ್ ಕಟ್ಟೆ, ಮುಂದೆ ತುಳಸಿಕಟ್ಟೆ ಇಡಲು ಜಾಗ. "ಅಕ್ಕಾ, ತಿಂಗಳಿಗೆ ಆರು ಸಾವಿರ ಉಳಿಯತ್ತೆ. ವರ್ಷಕ್ಕೆ ಎಪ್ಪತ್ತೆರಡು ಸಾವಿರ! ಮಗಳ ಹೆಸರಲ್ಲಿ ಚೀಟಿ ಹಾಕ್ತೀನಿ" ಎಂದು ಫೋನಿನಲ್ಲಿ ಕುಣಿದಾಡಿದಳು. ಹಾಲು ಉಕ್ಕಿಸುವ ದಿನ ನಾವೆಲ್ಲ ಹೋಗಿ ಉಂಡು ಬಂದೆವು. ನನಗೂ ಮನೆ ಹಿಡಿಸಿತ್ತು, ಸುಳ್ಳೇಕೆ ಹೇಳಲಿ?

ಒಂದು ತಿಂಗಳಾದ ಮೇಲೆ ಅವಳೇ ಕೂತು ಖರ್ಚು ಬರೆದಳು. ಅವಳ ವೃತ್ತಿಯೇ ಅದಲ್ಲವೇ? ಯಜಮಾನರು ದಿನಕ್ಕೆ 8 ಕಿಲೋಮೀಟರ್ ಓಡಾಡುತ್ತಿದ್ದವರು ಈಗ 44 ಕಿಲೋಮೀಟರ್ ಓಡಾಡುತ್ತಾರೆ. ಹೆಚ್ಚಾದದ್ದು 36. ತಿಂಗಳಿಗೆ 25 ದಿನದಂತೆ 900 ಕಿಲೋಮೀಟರ್. ಲೀಟರಿಗೆ 45 ಕೊಡುವ ಸ್ಕೂಟರಿಗೆ 20 ಲೀಟರ್. ಲೀಟರಿಗೆ ಬರೀ 100 ರೂಪಾಯಿ ಹಿಡಿದರೂ 2,000. ಬಸ್ ಸ್ಟಾಪಿನಿಂದ ಮನೆಗೆ ಎರಡು ಕಿಲೋಮೀಟರ್. ಕತ್ತಲಲ್ಲಿ ನಡೆಯಲು ಧೈರ್ಯವಿಲ್ಲ, ಶೇರ್ ಆಟೋ. ಹೋಗುವಾಗ 20, ಬರುವಾಗ 20, ತಿಂಗಳಿಗೆ 1,000. ಮಗಳ ಕ್ಲಾಸು ಬೆಳಿಗ್ಗೆ ಎಂಟಕ್ಕೆ; ಬಸ್ಸು ನಂಬಿದರೆ ಮೊದಲ ಪೀರಿಯಡ್ಡು ತಪ್ಪುತ್ತದೆ, ಮೆಟ್ರೋ ಹತ್ತಲೇಬೇಕು. ಒಂದು ಸಲಕ್ಕೆ 60 ರೂಪಾಯಿ. ತಿಂಗಳಲ್ಲಿ 24 ದಿನಕ್ಕೆ 2,880.

ಕೂಡಿಸಿದರೆ 5,880 ರೂಪಾಯಿ. ಆರು ಸಾವಿರದಲ್ಲಿ ಉಳಿದದ್ದು 120. ಒಂದು ಕಿಲೋ ಹುರುಳಿಕಾಯಿ, ಎರಡು ಕಟ್ಟು ಸೊಪ್ಪು!

ಇದು ಹಣದ ಲೆಕ್ಕವಾಯಿತು. ಇನ್ನು ಹೊತ್ತಿನ ಲೆಕ್ಕ ಕೇಳಿ. ಇಪ್ಪತ್ತು ನಿಮಿಷದ ಹಾದಿ ಈಗ ಒಂದು ಗಂಟೆ ಮೂವತ್ತೈದು ನಿಮಿಷ. ಹೋಗಿ ಬರುವುದರಲ್ಲಿ ದಿನಕ್ಕೆ ಎರಡೂವರೆ ಗಂಟೆ ಹೆಚ್ಚು. ತಿಂಗಳಿಗೆ 62 ಗಂಟೆಯ ಮೇಲೆ. ಅಂದರೆ ಎರಡೂವರೆ ಹಗಲು, ಎರಡೂವರೆ ರಾತ್ರಿ ಅವಳು ಬರಿದೇ ದಾರಿಯಲ್ಲಿ ಕಳೆದಂತೆ. ಈ ಗಂಟೆಗಳನ್ನು ಅವಳು ಎಲ್ಲಿಂದ ತಂದಳು? ಬೆಳಗಿನ ಜಾವದ ನಿದ್ದೆಯಿಂದ. ನಾಲ್ಕೂವರೆಗೆ ಎದ್ದು ಸಾರು, ಪಲ್ಯ, ಮೂರು ಡಬ್ಬಿ. ಸಂಜೆ ಮೂರೂವರೆಗೆ ಮಗ ಶಾಲೆಯಿಂದ ಬಂದರೆ ಅಮ್ಮ ಬರುವುದು ಎಂಟೂಕಾಲಿಗೆ. ಹುಡುಗ ಆರನೇ ಕ್ಲಾಸು. ಬೀಗದ ಕೈ ಅವನ ಕತ್ತಿಗೆ ದಾರ ಕಟ್ಟಿ ಹಾಕಿದ್ದರು. ಒಂದು ಮಳೆಗಾಲದ ಸಂಜೆ ದೀಪ ಹೋಗಿ, ಅವನು ಒಳಗಿರಲು ಹೆದರಿ ಹೊರಗೆ ಮೆಟ್ಟಿಲ ಮೇಲೆ ಕೂತೇ ನಿದ್ದೆಹೋಗಿದ್ದನಂತೆ.

ಎಂಟನೇ ತಿಂಗಳಿಗೆ ತಂಗಿ ಕೆಲಸ ಬಿಟ್ಟಳು. "ಬಾಡಿಗೆ ಉಳೀತು ಅಂತ ಹೋದೆ ಅಕ್ಕಾ, ಸಂಬಳಾನೇ ಹೋಯ್ತು" ಎಂದಳು. ಆರು ಸಾವಿರ ಉಳಿಸಲು ಹೋಗಿ ಹದಿನಾರು ಸಾವಿರ ಕಳೆದುಕೊಂಡಿದ್ದಳು. ಹನ್ನೊಂದು ವರ್ಷದ ಕೆಲಸ ಅದು.

ಗಮನಿಸಿ, ಮನೆ ದೂರವಾದಾಗ ಕೆಲಸ ಬಿಟ್ಟವರು ಯಾರು? ಯಜಮಾನರಲ್ಲ. ಅವರನ್ನು ದೂರುತ್ತಿಲ್ಲ, ಅವರ ಸಂಬಳ ಹೆಚ್ಚು, ಅವರು ಬಿಡುವಂತಿರಲಿಲ್ಲ. ಆದರೆ ನಿಮ್ಮ ನೆಂಟರಿಷ್ಟರಲ್ಲಿ ಹೀಗೆ ಮನೆ ಬದಲಾಯಿಸಿ ಕೆಲಸ ಬಿಟ್ಟವರನ್ನು ಬೆರಳು ಮಡಿಸಿ ಎಣಿಸಿ ನೋಡಿ. ಎಷ್ಟು ಜನ ಗಂಡಸರು, ಎಷ್ಟು ಜನ ಹೆಂಗಸರು?

ಊರು ಬೆಳೆದ ಬಗೆ

ಹಾಗಾದರೆ ತಂಗಿ ತಪ್ಪು ಮಾಡಿದಳೇ? ಲೆಕ್ಕ ಹಾಕುವುದರಲ್ಲಿ ತಪ್ಪಿದಳು, ನಿಜ. ಆದರೆ ಊರು ಬೆಳೆದ ಬಗೆಯೇ ಅವಳನ್ನು ಅಲ್ಲಿಗೆ ನೂಕಿತು.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಮಾಡಿದರು. ಅಲ್ಲಿ ಅಗಲವಾದ ರಸ್ತೆಯ ಜೊತೆಗೆ ಮಾರುಕಟ್ಟೆ, ಶಾಲೆ, ದೇವಸ್ಥಾನ ಎಲ್ಲ ಕಾಲ್ನಡಿಗೆಯ ದೂರದಲ್ಲಿ ಬೆಳೆದವು. ದೊಡ್ಡ ತೋಟದ ಮನೆಗಳ ನಡುವೆಯೇ ವಠಾರಗಳೂ ಇದ್ದವು. ವಠಾರದಲ್ಲಿ ಬಾಳಿದವರಿಗೆ ಗೊತ್ತು: ಒಂದು ಗೇಟು, ಎಂಟು ಮನೆ, ಒಂದು ನಲ್ಲಿ. ಕೊಡ ಇಡುವ ಸರದಿಗೆ ದಿನಾ ಜಗಳ, ಹಬ್ಬಕ್ಕೆ ದಿನಾ ಜಗಳವಾಡಿದವರ ಮನೆಯಿಂದಲೇ ಒಬ್ಬಟ್ಟು. ವಠಾರ ಸ್ವರ್ಗವೆಂದು ನಾನು ಹೇಳುವುದಿಲ್ಲ. ಆದರೆ ಗುಮಾಸ್ತರು, ಮೇಷ್ಟ್ರು, ಹಪ್ಪಳ ಮಾಡಿ ಮಾರಿ ಮಕ್ಕಳನ್ನು ಓದಿಸಿದ ಒಂಟಿ ಹೆಂಗಸರು, ಇಂಥವರೆಲ್ಲ ಊರಿನ ಮಧ್ಯದಲ್ಲೇ ಇರಲು ಅದು ಜಾಗ ಕೊಟ್ಟಿತು. ಕೂಗಿದರೆ ಕೇಳುವಷ್ಟು ದೂರದಲ್ಲಿ ಅಂಗಡಿ, ನಾಲ್ಕು ಹೆಜ್ಜೆಗೆ ಬಸ್ಸು.

1948ರಲ್ಲಿ ಜಯನಗರ ಹುಟ್ಟಿತು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. 1971ರ ಜನಗಣತಿಯಲ್ಲಿ ಸುಮಾರು 16.5 ಲಕ್ಷ ಇದ್ದ ಊರು 1981ಕ್ಕೆ 29 ಲಕ್ಷವಾಯಿತು. 2011ರ ಹೊತ್ತಿಗೆ 85 ಲಕ್ಷದ ಹತ್ತಿರ. ಇಷ್ಟು ಜನಕ್ಕೆ ಸಾಕಾಗುವಷ್ಟು ಮನೆ ಊರೊಳಗೆ ಕಟ್ಟಲಿಲ್ಲ. ವಠಾರಗಳು ಒಂದೊಂದಾಗಿ ಉರುಳಿ ಅಲ್ಲಿ ಅಪಾರ್ಟ್‌ಮೆಂಟು ಎದ್ದವು. ಕಡಿಮೆ ಸಂಬಳದವರು ಹೊರಕ್ಕೆ, ಇನ್ನೂ ಹೊರಕ್ಕೆ ಸರಿದರು. ಮೊದಲು ಸೈಟು, ಆಮೇಲೆ ಮನೆ, ಅದರ ಮೇಲೆ ರಸ್ತೆ, ಕೊನೆಗೆ ಬಸ್ಸು. ನೀರು ಅದಕ್ಕೂ ಆಮೇಲೆ. 2007ರಲ್ಲಿ ಸುತ್ತಲಿನ 110 ಹಳ್ಳಿಗಳನ್ನು ಮಹಾನಗರ ಪಾಲಿಕೆಗೆ ಸೇರಿಸಿದರು. ಆ ಹಳ್ಳಿಗಳಿಗೆಂದೇ ಮಾಡಿದ ಕಾವೇರಿ ಐದನೇ ಹಂತದ ಉದ್ಘಾಟನೆ ಆದದ್ದು 2024ರ ಅಕ್ಟೋಬರಿನಲ್ಲಿ. ನಡುವೆ ಹದಿನೇಳು ವರ್ಷ! ಅಷ್ಟು ವರ್ಷ ಟ್ಯಾಂಕರಿಗೆ ಕಾದು, ರಾತ್ರಿ ಎದ್ದು ನೀರು ಹಿಡಿದವರು ಯಾರೆಂದು ನಿಮಗೆ ಹೇಳಬೇಕಾಗಿಲ್ಲ.

ಶೂನ್ಯ ಟಿಕೆಟ್ಟು

ನಮ್ಮ ರಾಜ್ಯದ ಹೆಂಗಸರಿಗೆ 2023ರ ಜೂನ್ 11ರಿಂದ 'ಶಕ್ತಿ' ಯೋಜನೆ ಬಂತು. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್ಟು. ಏನೇ ಟೀಕೆ ಬರಲಿ, ಇದರಿಂದ ಎಷ್ಟೋ ಹೆಂಗಸರ ಕೈಯಲ್ಲಿ ನಾಲ್ಕು ಕಾಸು ಉಳಿಯಿತು. ನಮ್ಮ ಮನೆಗೆಲಸಕ್ಕೆ ಬರುವಾಕೆ ಮೊದಲು ಎರಡು ಸ್ಟಾಪು ನಡೆದೇ ಬರುತ್ತಿದ್ದಳು. "ಈಗ ಮಂಡಿ ನೋವು ಕಡಿಮೆ ಆಗದೆ ಕಣಮ್ಮ" ಎನ್ನುತ್ತಾಳೆ.

ಆದರೆ ಒಂದು ಮಾತು. ಪುಕ್ಕಟೆ ಟಿಕೆಟ್ಟು ಬಸ್ಸು ಬರುವ ಕಡೆ ಮಾತ್ರ ಪುಕ್ಕಟೆ. ಗಂಟೆಗೊಂದು ಬಸ್ಸು ಬರುವ ಲೇಔಟಿನಲ್ಲಿ ನಾವು ದುಡ್ಡಿನ ಬದಲು ಹೊತ್ತು ಕೊಡುತ್ತೇವೆ, ಅಷ್ಟೇ. ಬಿ.ಎಂ.ಟಿ.ಸಿ.ಯ ಆರೇಳು ಸಾವಿರ ಬಸ್ಸು ಇಷ್ಟು ದೊಡ್ಡ ಊರನ್ನು ಹೊರಬೇಕು. ಮುಖ್ಯ ರಸ್ತೆಯಲ್ಲಿ ಒಂದರ ಹಿಂದೆ ಒಂದು ನಾಲ್ಕು ಬಸ್ಸು. ಒಳಗಿನ ಬಡಾವಣೆಗೆ ಒಂದಕ್ಕಾಗಿ ಮುಕ್ಕಾಲು ಗಂಟೆ ಕಾಯಬೇಕು.

ಇನ್ನೊಂದು ಸಂಗತಿ. ಗಂಡಸರ ಪ್ರಯಾಣ ಸಾಮಾನ್ಯವಾಗಿ ಸರಳರೇಖೆ: ಮನೆಯಿಂದ ಆಫೀಸು, ಆಫೀಸಿನಿಂದ ಮನೆ. ನಮ್ಮದು ರಂಗೋಲಿ. ಮಗುವನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ, ಮಧ್ಯಾಹ್ನ ಬ್ಯಾಂಕಿಗೆ, ಸಂಜೆ ಅತ್ತೆಯವರ ಮಾತ್ರೆ ತಂದು, ತರಕಾರಿ ಹಿಡಿದು, ಟ್ಯೂಷನ್ನಿನಿಂದ ಮಗಳನ್ನು ಕರೆದುಕೊಂಡು ಮನೆಗೆ. ಬಸ್ಸಿನ ದಾರಿಗಳನ್ನು ಮಾಡುವವರು ಈ ರಂಗೋಲಿಯ ಚುಕ್ಕಿಗಳನ್ನು ನೋಡಿಯೇ ಇರುವುದಿಲ್ಲ.

ನೋಡಿದರೆ ಏನಾಗುತ್ತದೆ? ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ 1990ರ ದಶಕದಲ್ಲಿ ಒಂದು ವಸತಿ ಸಮುಚ್ಚಯ ಕಟ್ಟಿದರು. ಅದರ ನಕ್ಷೆ ಬರೆದವರು ಮಹಿಳಾ ವಾಸ್ತುಶಿಲ್ಪಿಗಳು. ಅಲ್ಲಿನ ಹೆಂಗಸರ ದಿನಚರಿ ಹೇಗಿರುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡು, ಸಮುಚ್ಚಯದೊಳಗೇ ಶಿಶುವಿಹಾರ, ಔಷಧಿ ಅಂಗಡಿ, ವೈದ್ಯರ ಕೊಠಡಿ ಇಟ್ಟರು. ಸಾರ್ವಜನಿಕ ಸಾರಿಗೆಯ ಹತ್ತಿರದ ಜಾಗವನ್ನೇ ಆರಿಸಿದರು. ನಮ್ಮ ವಠಾರದ ಹೆಂಗಸರನ್ನು ಕೇಳಿದ್ದರೆ ಅವರೂ ಇದನ್ನೇ ಹೇಳುತ್ತಿದ್ದರು, ಅಲ್ಲವೇ?

ಮೆಟ್ರೋ ಬಂತು, ಬಾಡಿಗೆ ಏರಿತು

ಮೆಟ್ರೋ ಬೇಡವೆನ್ನುವವರು ಯಾರೂ ಇಲ್ಲ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದಾಗ ನಾವೆಲ್ಲ ಮಕ್ಕಳ ಕೈ ಹಿಡಿದು ಬರಿದೇ ಹತ್ತಿ ಇಳಿದು ಬಂದವರೇ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಪೂರ್ತಿಯಾಯಿತು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಬಂತು. ಸಂಜೆ ಸಿಲ್ಕ್ ಬೋರ್ಡಿನ ಬಳಿ ನಿಂತ ವಾಹನಗಳ ತಲೆಯ ಮೇಲೆ ಮೆಟ್ರೋದಲ್ಲಿ ಸಾಗುವಾಗ ಆಗುವ ಸಂತೋಷವೇ ಬೇರೆ.

ಆದರೆ ಎರಡು ತೊಡಕಿದೆ. ಮೊದಲನೆಯದು ದರ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಇಲ್ಲಿ 'ಶಕ್ತಿ' ಇಲ್ಲ. ದೂರದಿಂದ ದಿನಾ ಬರುವ ಗಾರ್ಮೆಂಟ್ ಕೆಲಸದ ಹೆಣ್ಣುಮಗಳು ರೈಲನ್ನು ನೋಡಿ ಬಸ್ಸು ಹತ್ತುತ್ತಾಳೆ. ಎರಡನೆಯದು ಬಾಡಿಗೆ. ಸ್ಟೇಷನ್ ಹತ್ತಿರ ಎಂದ ಕೂಡಲೇ ಸಾವಿರಗಟ್ಟಲೆ ಹೆಚ್ಚು ಹೇಳುತ್ತಾರೆ. ರೈಲು ಕಟ್ಟಿದ್ದು ನಮ್ಮೆಲ್ಲರ ತೆರಿಗೆಯ ಹಣದಲ್ಲಿ, ಲಾಭ ಮಾತ್ರ ಆ ಬೀದಿಯ ಮಾಲೀಕರಿಗೆ. ರೈಲು ಯಾರಿಗೆ ಹೆಚ್ಚು ಬೇಕೋ ಅವರು ರೈಲಿನಿಂದ ದೂರವೇ ಉಳಿಯುತ್ತಾರೆ.

ಇದಕ್ಕೆ ದಾರಿ ಇಲ್ಲವೆಂದಲ್ಲ. ಬಸ್ ನಿಲ್ದಾಣ, ಡಿಪೋ, ಮೆಟ್ರೋ ಸ್ಟೇಷನ್ನುಗಳ ಸುತ್ತ ಸರ್ಕಾರದ್ದೇ ಜಾಗವಿರುತ್ತದೆ. ಶಾಂತಿನಗರ, ವಿಜಯನಗರ, ಬನಶಂಕರಿಯಂಥ ಕಡೆ ಬಸ್ ನಿಲ್ದಾಣದ ಮೇಲೆ ದೊಡ್ಡ ಕಟ್ಟಡಗಳು ಎದ್ದಾಗ ಅಂಗಡಿಗಳಿಗೆ, ಕಚೇರಿಗಳಿಗೆ, ವಾಹನ ನಿಲ್ಲಿಸಲು ಜಾಗ ಸಿಕ್ಕಿತು. ಇಂಥ ಕಡೆ ಎರಡು ಮಹಡಿ ದುಡಿಯುವ ಹೆಂಗಸರ ಹಾಸ್ಟೆಲ್ಲು, ಎರಡು ಮಹಡಿ ಸಣ್ಣ ಬಾಡಿಗೆ ಮನೆಗಳು ಏಕಿರಬಾರದು? ಸಿಂಗಪುರದಲ್ಲಿ 1960ರಲ್ಲಿ ಸರ್ಕಾರಿ ವಸತಿ ಮಂಡಳಿ ಸ್ಥಾಪನೆಯಾಯಿತು. ಇವತ್ತು ಅಲ್ಲಿನ ಹತ್ತು ಜನರಲ್ಲಿ ಸುಮಾರು ಎಂಟು ಜನ ಮಂಡಳಿ ಕಟ್ಟಿದ ಮನೆಗಳಲ್ಲಿದ್ದಾರೆ. ಅವು ಬಸ್ಸು ರೈಲಿಗೆ ಹತ್ತಿರವಾಗಿ ಎದ್ದ ಮನೆಗಳು.

ಮನೆ ನೋಡಲು ಹೋಗುವಾಗ

ಸರ್ಕಾರ ಮಾಡುವಾಗ ಮಾಡಲಿ. ಮುಂದಿನ ಭಾನುವಾರ ಮನೆ ನೋಡಲು ಹೊರಟ ನೀವು ಏನು ಮಾಡಬೇಕು? ತಂಗಿಯ ಕೈಸುಟ್ಟ ಅನುಭವದಿಂದ ಕಲಿತದ್ದನ್ನು ಹೇಳುತ್ತೇನೆ.

ಭಾನುವಾರ ಮನೆ ನೋಡಿ, ಆದರೆ ಭಾನುವಾರ ಒಪ್ಪಿಗೆ ಹೇಳಬೇಡಿ. ಕೆಲಸದ ದಿನ ಬೆಳಿಗ್ಗೆ ಎಂಟೂವರೆಗೆ ಹೋಗಿ ಆ ಬಸ್ ಸ್ಟಾಪಿನಲ್ಲಿ ಅರ್ಧ ಗಂಟೆ ನಿಲ್ಲಿ. ನಿಮಗೆ ಬೇಕಾದ ಕಡೆಗೆ ಎಷ್ಟು ಬಸ್ಸು ಬಂತು, ಹತ್ತಲು ಜಾಗವಿತ್ತೇ, ಎಣಿಸಿ. ಅಲ್ಲಿ ಕಾಯುತ್ತಿರುವ ಹೆಂಗಸರನ್ನು ಮಾತಾಡಿಸಿ. ಮಾಲೀಕರು ಹೇಳದ ನಿಜವೆಲ್ಲ ಅವರು ಹೇಳುತ್ತಾರೆ, ಕಸ ಎತ್ತುವವರು ಬರುತ್ತಾರೋ ಇಲ್ಲವೋ ಅನ್ನುವವರೆಗೆ.

ಸಂಜೆ ಏಳೂವರೆಗೆ ಸ್ಟಾಪಿನಿಂದ ಮನೆಯವರೆಗೆ ಒಮ್ಮೆ ನಡೆಯಿರಿ. ಬೀದಿ ದೀಪ ಉರಿಯುತ್ತದೆಯೇ? ಖಾಲಿ ಸೈಟುಗಳು ಎಷ್ಟಿವೆ? ತೆರೆದಿರುವ ಅಂಗಡಿ ಒಂದಾದರೂ ಇದೆಯೇ? ನಾಯಿಗಳ ಹಾವಳಿ ಹೇಗೆ? ಮಗಳು ಒಬ್ಬಳೇ ಈ ದಾರಿಯಲ್ಲಿ ಬಂದಾಳೇ ಎಂದು ಕೇಳಿಕೊಳ್ಳಿ.

ಆಮೇಲೆ ದಿನಸಿ ಲೆಕ್ಕದ ಪುಸ್ತಕದಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದು ಬಾಡಿಗೆ, ನೀರು, ಮೇಂಟೆನೆನ್ಸ್ ಸೇರಿಸಿ. ಎರಡನೆಯದು ಮನೆಯ ಪ್ರತಿಯೊಬ್ಬರ ಓಡಾಟದ ಖರ್ಚು: ಪೆಟ್ರೋಲು, ಆಟೋ, ಮೆಟ್ರೋ, ಶಾಲಾ ವ್ಯಾನು. ಮೂರನೆಯದು ಗಂಟೆ. ಯಾರಿಗೆ ದಿನಕ್ಕೆ ಎಷ್ಟು ಹೊತ್ತು ದಾರಿಯಲ್ಲಿ ಹೋಗುತ್ತದೆ ಎಂದು ಹೆಸರು ಹಾಕಿ ಬರೆಯಿರಿ. ಎರಡು ಮನೆಗಳನ್ನು ಹೀಗೆ ಅಕ್ಕಪಕ್ಕ ಇಟ್ಟು ನೋಡಿದರೆ, ಒಂದು ಕೋಣೆ ಕಡಿಮೆ ಇರುವ, ಹಳೆಯ ಮೊಸಾಯಿಕ್ ನೆಲದ, ಬಸ್ಸಿಗೆ ಹತ್ತಿರದ ಮನೆಯೇ ಎಷ್ಟೋ ಸಲ ಗೆಲ್ಲುತ್ತದೆ. ಗ್ರಾನೈಟ್ ಕಟ್ಟೆ ನೋಡಿ ಮರುಳಾಗಬೇಡಿ. ಆ ಕಟ್ಟೆಯ ಮುಂದೆ ನಿಲ್ಲಲು ನಿಮಗೆ ಹೊತ್ತೇ ಸಿಗದಿದ್ದರೆ ಅದರಿಂದೇನು ಪ್ರಯೋಜನ?

ಕಾಗದಪತ್ರದ ಮಾತು

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸು ಕೇಳುವುದು ರೂಢಿಯಾಗಿಬಿಟ್ಟಿದೆ. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದೆಂದಿದೆ. ಆದರೆ ಅದು ಮಾದರಿ ಮಾತ್ರ; ರಾಜ್ಯಗಳು ತಮ್ಮ ಕಾಯಿದೆಯಲ್ಲಿ ತಂದುಕೊಂಡರಷ್ಟೇ ಜಾರಿ. ಹಾಗಿದ್ದರೂ ಚೌಕಾಸಿ ಮಾಡಲು ಅದೊಂದು ಮಾತಿನ ಆಸರೆ. "ಹತ್ತು ಆಗಲ್ಲ ಸಾರ್, ಐದು ತಿಂಗಳದ್ದು ತಗೊಳ್ಳಿ" ಎಂದು ಕೇಳಿ ನೋಡಿ. ಈಗ ಒಪ್ಪುವವರೂ ಇದ್ದಾರೆ.

ಅಡ್ವಾನ್ಸನ್ನು ಬ್ಯಾಂಕಿನ ಮೂಲಕವೇ ಕೊಡಿ. ಮನೆ ಬಿಡುವಾಗ ಪೇಂಟಿಂಗಿಗೆ ಎಷ್ಟು ಮುರಿದುಕೊಳ್ಳುತ್ತಾರೆ, ಉಳಿದದ್ದನ್ನು ಎಷ್ಟು ದಿನದೊಳಗೆ ಕೊಡುತ್ತಾರೆ, ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಮೂರನ್ನೂ ಕರಾರಿನಲ್ಲಿ ಬರೆಸಿ. ಹನ್ನೊಂದು ತಿಂಗಳ ಕರಾರು ಏಕೆ ಗೊತ್ತೇ? ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯಿದೆ ಹೇಳುತ್ತದೆ. ಆ ಖರ್ಚು ತಪ್ಪಿಸಲು ಈ ಉಪಾಯ. ಕರಾರಿನಲ್ಲಿ ಯಜಮಾನರ ಹೆಸರಿನ ಜೊತೆ ನಿಮ್ಮ ಹೆಸರೂ ಇರಲಿ. ವಿಳಾಸದ ದಾಖಲೆಗೆ, ಕಷ್ಟಕಾಲಕ್ಕೆ ಅದು ಬೇಕಾಗುತ್ತದೆ.

ಲೀಸಿಗೆ, ಅಂದರೆ ಭೋಗ್ಯಕ್ಕೆ, ಲಕ್ಷಗಟ್ಟಲೆ ಒಟ್ಟಿಗೆ ಕೊಡುವವರು ಇನ್ನೂ ಎಚ್ಚರವಾಗಿರಿ. ಆ ಮನೆಯ ಮೇಲೆ ಮಾಲೀಕರು ಬ್ಯಾಂಕಿನಲ್ಲಿ ಸಾಲ ಮಾಡಿ ತೀರಿಸದಿದ್ದರೆ, ಬ್ಯಾಂಕಿನವರು ಬಂದು ನೋಟೀಸು ಅಂಟಿಸುವುದು ನೀವಿರುವ ಮನೆಯ ಬಾಗಿಲಿಗೇ. ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ ನೋಡಿ. ಲೀಸಿನ ಪತ್ರವನ್ನು ನೋಂದಾಯಿಸಿ.

ಸೈಟು, ಫ್ಲಾಟು ಕೊಳ್ಳುವವರು ಖಾತೆ ಯಾವುದು, ರೇರಾ ನೋಂದಣಿ ಇದೆಯೇ ಎಂದು ನೋಡುವುದರ ಜೊತೆಗೆ ಇನ್ನೊಂದನ್ನು ನೆನಪಿಡಿ. "ಮುಂದೆ ಇಲ್ಲೇ ರೈಲು ಬರುತ್ತೆ ಮೇಡಂ" ಎಂಬ ಮಾತಿಗೆ ಇವತ್ತೇ ಬೆಲೆ ತೆರಬೇಡಿ. ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ಮಾತು ಬಂದದ್ದು 1983ರಲ್ಲಿ. 148 ಕಿಲೋಮೀಟರಿನ ಯೋಜನೆಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ, ಶಂಕುಸ್ಥಾಪನೆ 2022ರ ಜೂನಿನಲ್ಲಿ. 1983ರಲ್ಲಿ ಹುಟ್ಟಿದ ಮಗು ಅಷ್ಟರಲ್ಲಿ ಮದುವೆಯಾಗಿ ತನ್ನ ಮಕ್ಕಳನ್ನು ಶಾಲೆಗೆ ಕಳಿಸುತ್ತಿತ್ತು! ಇರುವ ಬಸ್ಸನ್ನು ನೋಡಿ ಮನೆ ಕೊಳ್ಳಿ. ಬರುವ ರೈಲು ಬಂದಾಗ ಬರಲಿ.

ಕೇಳಿದರೆ ತಪ್ಪೇನು?

"ಇದೆಲ್ಲ ದೊಡ್ಡವರ ವಿಷಯ, ನಾವು ಅಡುಗೆಮನೆಯವರು ಏನು ಮಾಡೋಕಾಗತ್ತೆ?" ಎನ್ನಬೇಡಿ. ಬಸ್ಸಿನಲ್ಲಿ ನಿಂತು ಹೋಗುವವರು ನಾವು, ಕತ್ತಲೆಯ ಬೀದಿಯಲ್ಲಿ ನಡೆಯುವವರು ನಾವು. ಅಂದಮೇಲೆ ಕೇಳಬೇಕಾದವರೂ ನಾವೇ. ನಿಮ್ಮ ಬೀದಿಯ ಹೆಂಗಸರು ಹದಿನೈದು ಜನ ಸೇರಿ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಎಷ್ಟು ಬಸ್ಸು ಬಂತೆಂದು ಒಂದು ವಾರ ಚೀಟಿಯಲ್ಲಿ ಬರೆದಿಡಿ. ಎಷ್ಟು ಜನ ಕಾದರು, ಎಷ್ಟು ಸಲ ಬಸ್ಸು ನಿಲ್ಲಿಸದೆ ಹೋಯಿತು, ಎಲ್ಲ ಇರಲಿ. ಆ ಚೀಟಿಯ ಜೊತೆ ಎಲ್ಲರ ಸಹಿ ಹಾಕಿದ ಅರ್ಜಿಯನ್ನು ಡಿಪೋ ವ್ಯವಸ್ಥಾಪಕರಿಗೆ ಕೊಟ್ಟು, ಒಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ. ಇನ್ನೊಂದು ಪ್ರತಿ ನಿಮ್ಮ ಶಾಸಕರಿಗೆ. "ಬಸ್ಸು ಸರಿಯಿಲ್ಲ" ಎಂಬ ದೂರಿಗಿಂತ "ಏಳರಿಂದ ಹತ್ತರವರೆಗೆ ಮೂರೇ ಬಸ್ಸು, ಕಾದವರು 140 ಜನ" ಎಂಬ ಲೆಕ್ಕಕ್ಕೆ ತೂಕ ಹೆಚ್ಚು. ಬೀದಿ ದೀಪ, ಫುಟ್‌ಪಾತಿಗೂ ಇದೇ ದಾರಿ. ಆ ಅರ್ಜಿ ನಿಮ್ಮ ಪಾಲಿಕೆಗೆ. 2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಒಂದರ ಬದಲು ಐದು ಪಾಲಿಕೆಗಳಾಗಿವೆ. ನಿಮ್ಮದು ಯಾವುದೆಂದು ಮೊದಲು ತಿಳಿದುಕೊಳ್ಳಿ.

ಓಟು ಕೇಳಲು ಬಂದವರನ್ನೂ ನೀರು, ಚರಂಡಿಯ ಜೊತೆಗೆ ಇದನ್ನು ಕೇಳಿ: "ನಮ್ಮಂಥವರು ಬಾಡಿಗೆ ಕೊಡಬಲ್ಲ ಮನೆ ಬಸ್ಸಿನ ಹತ್ತಿರ ಎಷ್ಟು ಕಟ್ಟಿಸ್ತೀರಿ?"

ತಂಗಿಯ ವಿಷಯಕ್ಕೆ ಬರುತ್ತೇನೆ. ಹನ್ನೊಂದು ತಿಂಗಳ ಕರಾರು ಮುಗಿಯುತ್ತ ಬಂದಿದೆ. ಹಳೆಯ ಅಂಗಡಿಯಲ್ಲಿ ಅವಳ ಕುರ್ಚಿಗೆ ಬೇರೆಯವರು ಬಂದಾಯಿತು. ಬೇರೆ ಕಡೆ ಕೇಳಿದರೆ ಹೊಸಬರ ಸಂಬಳ, 12,000 ಎನ್ನುತ್ತಾರೆ. ಅದಕ್ಕೂ ಅವಳು ಒಪ್ಪಿದ್ದಾಳೆ. ಈಗ ಭಾನುವಾರಗಳಂದು ಮತ್ತೆ 'ಟು ಲೆಟ್' ಬೋರ್ಡು ಹುಡುಕುತ್ತಿದ್ದಾಳೆ. ಹೋದ ವಾರ ನಾನೂ ಜೊತೆಗೆ ಹೋಗಿದ್ದೆ. ಕತ್ತರಿಗುಪ್ಪೆಯ ಕಡೆ ಒಂದು ಹಳೆಯ ಮನೆ, ಒಂದೇ ಕೋಣೆ, ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೈ ತಾಗುತ್ತದೆ.

ಮಾಲೀಕರ ಹೆಂಡತಿ ಬೀಗದ ಕೈ ತರಲು ಒಳಗೆ ಹೋದರು. ಅಷ್ಟರಲ್ಲಿ ಪಕ್ಕದಲ್ಲಿದ್ದ ತಂಗಿ ಕಾಣಲಿಲ್ಲ. ನೋಡಿದರೆ ಗೇಟು ದಾಟಿ, ಗಡಿಯಾರ ನೋಡುತ್ತ, ಬಸ್ ಸ್ಟಾಪಿನ ಕಡೆ ನಡೆಯುತ್ತಿದ್ದಾಳೆ. ತಿರುಗಿ ಬಂದವಳು ಹೇಳಿದಳು: "ನಾಲ್ಕು ನಿಮಿಷ ಅಕ್ಕಾ. ನಾನೇ ನಡೆದು ನೋಡ್ದೆ. ಈಗ ಬೀಗ ತೆಗೆಯೋಕೆ ಹೇಳು, ಮನೆ ನೋಡೋಣ."